ರೈಲು ಹತ್ತಿದ ಲಾರಿ

ಸರಕು ಯಾವ ದಾರಿಯಲ್ಲಿ ಸಾಗಬೇಕೆಂದು ನೂರು ವರ್ಷಗಳಿಂದ ಸಮಿತಿಗಳು ವರದಿ ಬರೆಯುತ್ತಲೇ ಇವೆ. ಸರಕು ವರದಿ ಓದುವುದಿಲ್ಲ. ದುಡ್ಡು ಎತ್ತ ಸುರಿದಿದೆಯೋ ಅತ್ತ ಹೊರಡುತ್ತದೆ. ಮಳೆಗಾಲ ಬಂದು ಎಲ್ಲರ ಕಣ್ಣು ಮತ್ತೆ ಘಟ್ಟದ ಮೇಲೆ ನೆಟ್ಟಿರುವಾಗ, ನಮ್ಮ ಹೆದ್ದಾರಿಗೂ ಹಳಿಗೂ ಯಾರು ದುಡ್ಡು ಕಟ್ಟುತ್ತಿದ್ದಾರೆ, ಹೇಗೆ ಕಟ್ಟುತ್ತಿದ್ದಾರೆ ಎಂಬುದರ ಕಥೆ ಇಲ್ಲಿದೆ.

ಜುಲೈ ತಿಂಗಳ ಸುರತ್ಕಲ್. ಮಳೆ ಒಂದೇ ಸಮ ಹೊಯ್ಯುತ್ತಿದೆ. ರೈಲು ನಿಲ್ದಾಣದ ಬದಿಯಲ್ಲಿ ಟಾರ್ಪಾಲು ಬಿಗಿದ ಲಾರಿಗಳು ಸಾಲುಗಟ್ಟಿವೆ. ಒಬ್ಬ ಸಿಬ್ಬಂದಿ ಕೊಡೆ ಹಿಡಿದು ಬಂದು ಒಂದೊಂದೇ ಲಾರಿಯ ಎತ್ತರ ನೋಡುತ್ತಾನೆ. ಮುಂದೆ ಸುರಂಗಗಳಿವೆ, ನೆತ್ತಿಯ ಮೇಲೆ ವಿದ್ಯುತ್ ತಂತಿ ಇದೆ. ಟಾರ್ಪಾಲಿನ ಗಂಟು ಒಂದು ಗೇಣು ಮೇಲೆದ್ದರೂ ಲಾರಿ ಸಾಲಿನಿಂದ ಹೊರಗೆ.

ಹಳಿ ಮುಗಿಯುವಲ್ಲಿ ಒಂದು ಇಳಿಜಾರು ಕಟ್ಟೆ. ಅದರಾಚೆ ಬದಿಗೋಡೆ, ಸೂರು ಏನೂ ಇಲ್ಲದ ಚಪ್ಪಟೆ ವ್ಯಾಗನ್‌ಗಳು, ಒಂದಕ್ಕೊಂದು ಸೇರಿಕೊಂಡು ಕಣ್ಣು ಹಾಯುವಷ್ಟು ದೂರ. ಮೊದಲ ಲಾರಿ ಗುರ್ರೆನ್ನುತ್ತ ಕಟ್ಟೆ ಏರಿ ರೈಲಿನ ಬೆನ್ನ ಮೇಲೆಯೇ ಓಡತೊಡಗುತ್ತದೆ. ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಟೈರಿಗೂ ಅಂಚಿಗೂ ನಡುವೆ ಉಳಿಯುವ ಜಾಗ ತೀರಾ ಕಡಿಮೆ. ಕ್ಲೀನರ್ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತ ಕೈ ಆಡಿಸುತ್ತಾನೆ: ‘ಬರ್ಲಿ, ಬರ್ಲಿ, ರೈಟ್... ಹೋಲ್ಡಾನ್!’

ಗಾಲಿಗೆ ಅಡ್ಡ ತುಂಡು ಕೊಟ್ಟು, ಸರಪಳಿ ಬಿಗಿದು, ಹ್ಯಾಂಡ್ ಬ್ರೇಕ್ ಎಳೆದರೆ ಡ್ರೈವರನ ಕೆಲಸ ಮುಗಿಯಿತು. ಸೀಟಿನ ಹಿಂದಿನ ಹಾಸಿಗೆಯಲ್ಲಿ ಕಾಲು ಚಾಚಿ ಮಲಗಬಹುದು. ಇಂಜಿನ್ ಆರಿಸಿದ ಲಾರಿಯೊಳಗೆ ಕೂತು ಉಡುಪಿ, ಕುಂದಾಪುರ, ಭಟ್ಕಳ, ಕಾರವಾರ, ಗೋವಾ, ರತ್ನಾಗಿರಿ ದಾಟಿ ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿಯುವುದು. ಡೀಸೆಲ್ ಉಳಿಯಿತು, ಟೈರು ಉಳಿಯಿತು, ನಿದ್ದೆಯೂ ಆಯಿತು.

ಇದು ಕೊಂಕಣ ರೈಲ್ವೆಯ ‘ರೋ-ರೋ’ ಸೇವೆ. 1999ರ ಜನವರಿ 26ರಂದು ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಶುರುವಾಗಿ, ಕೆಲ ವರ್ಷಗಳಲ್ಲಿ ಸುರತ್ಕಲ್‌ವರೆಗೂ ಬಂತು. ನೋಡಿದವರಿಗೆಲ್ಲ ಮೊದಲು ಬರುವುದು ನಗು. ಲಾರಿಯನ್ನು ರೈಲು ಹೊರುವುದೇ! ಆಮೇಲೆ ಹುಟ್ಟುವುದು ಪ್ರಶ್ನೆ: ಇಷ್ಟು ಸರಳವಾದ ಉಪಾಯ ದೇಶದ ತುಂಬ ಏಕಿಲ್ಲ?

ಉತ್ತರ ಎಂಜಿನಿಯರಿಂಗ್‌ನಲ್ಲಿ ಸಿಗುವುದಿಲ್ಲ. ಅದಕ್ಕೆ ಜಮಾ-ಖರ್ಚಿನ ಪುಸ್ತಕ ತೆರೆಯಬೇಕು.

ಎರಡಾಣೆಯ ಕಥೆ

ಮೊದಲ ಮಹಾಯುದ್ಧ ಮುಗಿದ ಮೇಲೆ ಭಾರತದ ರಸ್ತೆಗಳಿಗೆ ಮೋಟಾರು ಬಸ್ಸು, ಲಾರಿಗಳು ಬಂದವು. ಎತ್ತಿನ ಗಾಡಿಗೆಂದು ಜಲ್ಲಿ ಹಾಸಿದ ರಸ್ತೆಗಳು ಎರಡೇ ಮಳೆಗೆ ಕಿತ್ತುಹೋದವು. ರಿಪೇರಿಗೆ ದುಡ್ಡಿಲ್ಲ. 1919ರ ಸುಧಾರಣೆಯ ಪ್ರಕಾರ ರಸ್ತೆ ಪ್ರಾಂತ್ಯಗಳ ತಲೆನೋವು, ರೈಲ್ವೆ ಮಾತ್ರ ದೆಹಲಿಯ ಕೂಸು. ಕೂಸಿಗೆ 1924ರಲ್ಲಿ ತನ್ನದೇ ಪ್ರತ್ಯೇಕ ಬಜೆಟ್ಟೂ ಸಿಕ್ಕಿತು.

1927ರಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯ ಸಮಿತಿ ಬಂತು. ಮರುವರ್ಷ ಅದು ಕೊಟ್ಟ ಸಲಹೆ ಇಂದಿಗೂ ನಮ್ಮ ಜೇಬಿನಲ್ಲಿದೆ. ಪೆಟ್ರೋಲಿನ ಮೇಲೆ ಗ್ಯಾಲನ್‌ಗೆ ಎರಡಾಣೆ ಹೆಚ್ಚುವರಿ ಸುಂಕ ಹಾಕಿ. ಆ ದುಡ್ಡನ್ನು ಬೇರೆ ಇಟ್ಟು ರಸ್ತೆಗೇ ಬಳಸಿ ಎಂದಿತು ಸಮಿತಿ. 1929ರಲ್ಲಿ ಕೇಂದ್ರ ರಸ್ತೆ ನಿಧಿ ಹುಟ್ಟಿತು. ರಸ್ತೆ ಬಳಸುವವನೇ ರಸ್ತೆಗೆ ಕೊಡಬೇಕು ಎನ್ನುವ ಲೆಕ್ಕ. ಅಮೆರಿಕ ತನ್ನ ಅಂತರರಾಜ್ಯ ಹೆದ್ದಾರಿಗಳಿಗೆಂದು ಇಂಧನ ತೆರಿಗೆಯ ಟ್ರಸ್ಟ್ ನಿಧಿ ಮಾಡಿದ್ದು 1956ರಲ್ಲಿ. ಆ ವಿಷಯದಲ್ಲಿ ನಾವು ಸುಮಾರು ಮೂರು ದಶಕ ಮುಂದಿದ್ದೆವು.

ಹಾಗೆಂದು ಸರ್ಕಾರಕ್ಕೆ ಲಾರಿಯ ಮೇಲೆ ಪ್ರೀತಿಯೇನೂ ಇರಲಿಲ್ಲ. ರೈಲಿನ ಆದಾಯ ಕಸಿದುಕೊಳ್ಳುವ ಪೈಪೋಟಿದಾರ ಎಂದೇ ಅದನ್ನು ನೋಡಿತು. ರೈಲು-ರಸ್ತೆ ಪೈಪೋಟಿಯ ಬಗ್ಗೆ 1930ರ ದಶಕದಲ್ಲಿ ಮಿಚೆಲ್-ಕರ್ಕ್ನೆಸ್ ವರದಿ ಬಂತು. 1939ರ ಮೋಟಾರು ವಾಹನ ಕಾಯ್ದೆ ಪರ್ಮಿಟ್ಟಿನ ಬೇಲಿ ಹಾಕಿತು. ಜಿಲ್ಲೆ ದಾಟಲು ಒಂದು ಚೀಟಿ, ರಾಜ್ಯ ದಾಟಲು ಇನ್ನೊಂದು. ಲಾರಿಗೆ ರಾಷ್ಟ್ರೀಯ ಪರ್ಮಿಟ್ ಸಿಗಲು 1975 ಬರಬೇಕಾಯಿತು.

ಅದಾದ ಮರುವರ್ಷವೇ ಗದಗದಲ್ಲಿ ವಿಜಯ ಸಂಕೇಶ್ವರರು ಒಂದು ಲಾರಿ ಇಟ್ಟುಕೊಂಡು ಸಾಗಣೆ ವ್ಯವಹಾರ ಶುರುಮಾಡಿದರು. ಆ ಒಂದು ಲಾರಿ ಮುಂದೆ ವಿಆರ್‌ಎಲ್ ಆದದ್ದು ಕನ್ನಡಿಗರಿಗೆಲ್ಲ ಗೊತ್ತು. ಬೇಲಿ ಸಡಿಲಾದ ಕಾಲಕ್ಕೆ ಸರಿಯಾಗಿ ದೇಶದುದ್ದಕ್ಕೂ ಇಂಥ ಒಂಟಿ ಲಾರಿಯ ಸಾಹುಕಾರರು ಹುಟ್ಟಿಕೊಂಡರು.

ಬೀದಿಗೆ ಬಂದ ಸರಕು

1951ರ ಹೊತ್ತಿಗೆ ದೇಶದ ಸರಕಿನಲ್ಲಿ ಶೇ 85ಕ್ಕೂ ಹೆಚ್ಚು ಹೋಗುತ್ತಿದ್ದುದು ರೈಲಿನಲ್ಲಿ. ಈಗ ಅದು ಶೇ 30ಕ್ಕಿಂತ ಕೆಳಗೆ ಬಂದಿದೆ. ರೈಲು ಸೊರಗಿತು ಅಂದುಕೊಂಡರೆ ತಪ್ಪು. ಈಚೆಗಿನ ವರ್ಷಗಳಲ್ಲಿ ರೈಲ್ವೆ ತುಂಬುತ್ತಿರುವ ಸರಕು ವರ್ಷಕ್ಕೆ 150 ಕೋಟಿ ಟನ್ ದಾಟಿದೆ. ಅದರಲ್ಲಿ ಹತ್ತಿರಹತ್ತಿರ ಅರ್ಧ ಕಲ್ಲಿದ್ದಲು. ಉಳಿದದ್ದು ಅದಿರು, ಸಿಮೆಂಟು, ಗೊಬ್ಬರ, ಧಾನ್ಯ, ಉಕ್ಕು, ಕಂಟೇನರ್. ಅಂದರೆ ಗುಡ್ಡದಷ್ಟು ಇದ್ದು, ಒಂದೇ ಕಡೆ ಹೋಗಬೇಕಾದ, ಎರಡು ದಿನ ತಡವಾದರೂ ಕೊಳೆಯದ ಮಾಲು. ಟೊಮೆಟೊ, ಟಿ.ವಿ., ಬಟ್ಟೆ, ಬಿಸ್ಕತ್ತು, ಔಷಧಿ ಎಲ್ಲವೂ ಲಾರಿ ಹತ್ತಿಬಿಟ್ಟವು.

ಕಾರಣ ತಿಳಿಯಲು ಒಬ್ಬ ಸಾಮಾನ್ಯ ವ್ಯಾಪಾರಿಯ ಜಾಗದಲ್ಲಿ ನಿಲ್ಲಿ. ಲಾರಿಯವನಿಗೆ ಫೋನ್ ಮಾಡಿದರೆ ಗೋದಾಮಿನ ಬಾಗಿಲಿಗೆ ಬರುತ್ತಾನೆ. ಬಾಡಿಗೆ ಚೌಕಾಸಿ ಮಾಡಬಹುದು. ರಿಟರ್ನ್ ಲೋಡ್ ಇದ್ದರೆ ಇನ್ನೂ ಇಳಿಸುತ್ತಾನೆ. ರೈಲಿಗಾದರೆ ಸಾಮಾನ್ಯವಾಗಿ ಇಡೀ ರೇಕ್ ತುಂಬಬೇಕು. ಐವತ್ತೆಂಟು ವ್ಯಾಗನ್ನಿನ ಒಂದು ರೇಕ್ ಅಂದರೆ ಸುಮಾರು ನಾಲ್ಕು ಸಾವಿರ ಟನ್. ಅಷ್ಟು ಮಾಲು ಯಾರ ಹತ್ತಿರ ಇದೆ? ಇದ್ದರೂ ಗೋದಾಮಿನಿಂದ ಗೂಡ್ಸ್ ಶೆಡ್ಡಿಗೆ ಒಮ್ಮೆ ಲಾರಿ, ಆ ತುದಿಯಲ್ಲಿ ಇನ್ನೊಮ್ಮೆ ಲಾರಿ. ಎರಡೂ ಕಡೆ ಹಮಾಲಿ. ಹೊತ್ತಿಗೆ ಸರಿಯಾಗಿ ಖಾಲಿ ಮಾಡದಿದ್ದರೆ ದಂಡ.

ಇಷ್ಟೆಲ್ಲ ಸಹಿಸಿಕೊಂಡು ತುಂಬಿಸಿದ ರೈಲು ಹೊರಟಿತು ಅನ್ನಿ. ಮುಂದಿನ ಸ್ಟೇಷನ್ನಿನಲ್ಲಿ ಲೂಪ್ ಲೈನಿಗೆ ತಿರುಗಿಸಿ ನಿಲ್ಲಿಸುತ್ತಾರೆ. ರಾಜಧಾನಿ ಹೋಗಬೇಕು. ಅದರ ಹಿಂದೆ ಎಕ್ಸ್‌ಪ್ರೆಸ್, ಅದರ ಹಿಂದೆ ಪ್ಯಾಸೆಂಜರ್. ಗೂಡ್ಸ್ ರೈಲಿನ ಸರಾಸರಿ ವೇಗ ಗಂಟೆಗೆ 25 ಕಿ.ಮೀ. ಆಸುಪಾಸು ಇರುವುದು ಇಂಜಿನ್ ದುರ್ಬಲ ಎಂದಲ್ಲ. ಅದರ ಆಯುಷ್ಯವೆಲ್ಲ ಕಾಯುವುದರಲ್ಲೇ ಕಳೆಯುತ್ತದೆ, ಅಷ್ಟೆ.

ಹೀಗೆ ಕಾಯಿಸಿಕೊಳ್ಳುವ ಗೂಡ್ಸ್ ರೈಲೇ ಮುಂದೆ ಹೋದ ರೈಲಿನ ಅರ್ಧ ಟಿಕೆಟ್ಟಿನ ದುಡ್ಡು ಕೊಡುತ್ತಿದೆ.

▌ನಿಮ್ಮ ಟಿಕೆಟ್ಟಿನ ಸಣ್ಣಕ್ಷರ
*2016ರಿಂದ ರೈಲು ಟಿಕೆಟ್ಟುಗಳ ಮೇಲೆ ಒಂದು ಸಾಲು ಅಚ್ಚಾಗತೊಡಗಿತು: ಪ್ರಯಾಣದ ವೆಚ್ಚದಲ್ಲಿ ಸರಾಸರಿ ಶೇ 57ರಷ್ಟನ್ನು ಮಾತ್ರ ರೈಲ್ವೆ ನಿಮ್ಮಿಂದ ವಸೂಲಿ ಮಾಡುತ್ತಿದೆ ಎಂದು. ಉಳಿದ ಶೇ 43 ಎಲ್ಲಿಂದ ಬರುತ್ತದೆ ಎಂದು ಆ ಸಾಲು ಹೇಳುವುದಿಲ್ಲ. ಬಹುಪಾಲು ಸರಕು ಸಾಗಣೆಯ ಲಾಭದಿಂದ. ರೈಲ್ವೆಯ ಆದಾಯದಲ್ಲಿ ಮೂರನೇ ಎರಡರ ಹತ್ತಿರ ಸರಕಿನದ್ದೇ. ಕಲ್ಲಿದ್ದಲಿನ ಬಾಡಿಗೆ ಏರಿದರೆ ಅದು ಕೊನೆಗೆ ಬಂದು ಕೂರುವುದು ಮನೆಯ ಕರೆಂಟ್ ಬಿಲ್ಲಿನಲ್ಲಿ.*

ಪ್ರಯಾಣ ದರ ಏರಿಸುವುದು ರಾಜಕಾರಣದಲ್ಲಿ ಕೆಂಡ. 2012ರ ಮಾರ್ಚ್‌ನಲ್ಲಿ ರೈಲ್ವೆ ಸಚಿವ ದಿನೇಶ್ ತ್ರಿವೇದಿ ಎಷ್ಟೋ ವರ್ಷಗಳ ಮೇಲೆ ಪ್ರಯಾಣ ದರ ಏರಿಸಿದರು. ಹೆಚ್ಚಳ ಕಿಲೋಮೀಟರಿಗೆ ಪೈಸೆಗಳ ಲೆಕ್ಕದ್ದು. ಅವರದೇ ಪಕ್ಷದ ನಾಯಕಿ ಮಮತಾ ಬ್ಯಾನರ್ಜಿ ಕೆರಳಿದರು. ಕೆಲವೇ ದಿನಗಳಲ್ಲಿ ತ್ರಿವೇದಿ ಕುರ್ಚಿ ಬಿಟ್ಟರು, ಹೊಸ ಸಚಿವರು ಬಂದು ಹೆಚ್ಚಳದ ಬಹುಪಾಲು ವಾಪಸು ಪಡೆದರು. ಅದನ್ನು ನೋಡಿದ ಸಚಿವರು ಮತ್ತೆ ಕೈ ಹಾಕಲು ಅಳುಕಿದರೆ ಆಶ್ಚರ್ಯವೇನು?

ಟನ್ನಿಗೆ ಓಟಿಲ್ಲ. ಹಾಗಾಗಿ ದಶಕಗಳ ಕಾಲ ಏರಿದ್ದು ಸರಕಿನ ದರ. ಏರಿದಷ್ಟೂ ಮಾಲು ಲಾರಿಗೆ ಜಾರಿತು. ಜಾರಿದಷ್ಟೂ ಉಳಿದ ಮಾಲಿನ ಮೇಲೆ ಹೊರೆ ಹೆಚ್ಚಿತು. ತ್ರಿವೇದಿಗಿಂತ ಮೊದಲು ರೈಲ್ವೆ ಸಚಿವರಾಗಿದ್ದಾಗ ಲಾಲು ಪ್ರಸಾದರು ಇದಕ್ಕೆ ಬೇರೆ ದಾರಿ ಹಿಡಿದಿದ್ದರು. ದರ ಏರಿಸದೆ, ಅದೇ ವ್ಯಾಗನ್ನಿಗೆ ಹೆಚ್ಚು ಟನ್ ತುಂಬಲು ಅನುಮತಿ ಕೊಟ್ಟು ಲಾಭ ತೋರಿಸಿದರು. ಜರ್ಸಿ ಹಸುವನ್ನು ಪೂರ್ತಿ ಹಿಂಡದಿದ್ದರೆ ಅದಕ್ಕೇ ಕಾಯಿಲೆ ಎಂಬುದು ಅವರ ವಾದ. ಲಾಭ ಬಂದದ್ದು ನಿಜ. ಹಳಿಯ ಆಯುಷ್ಯ ಎಷ್ಟು ಸವೆಯಿತು ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಬೈಕಿನವರು ಕಟ್ಟಿದ ಹೆದ್ದಾರಿ

ಅತ್ತ ರಸ್ತೆಗೆ ಮಾತ್ರ ದುಡ್ಡು ಬರುವ ದಾರಿಗಳು ಒಂದರ ಮೇಲೊಂದು ತೆರೆದವು. 1998ರಲ್ಲಿ ಪೆಟ್ರೋಲಿಗೆ ಲೀಟರಿಗೆ ಒಂದು ರೂಪಾಯಿ ಸೆಸ್ ಬಂತು, ಮರುವರ್ಷ ಡೀಸೆಲ್‌ಗೂ. 2000ದ ಕೇಂದ್ರ ರಸ್ತೆ ನಿಧಿ ಕಾಯ್ದೆ ಅದಕ್ಕೆ ಭದ್ರ ಬುನಾದಿ ಹಾಕಿತು. ಈ ಸೆಸ್ಸಿನ ಬಲದ ಮೇಲೆ ವಾಜಪೇಯಿ ಸರ್ಕಾರ ಸುವರ್ಣ ಚತುಷ್ಪಥ ಎತ್ತಿಕೊಂಡಿತು: ದೆಹಲಿ, ಮುಂಬಯಿ, ಚೆನ್ನೈ, ಕೋಲ್ಕತ್ತ ಜೋಡಿಸುವ 5,846 ಕಿ.ಮೀ. ನಾಲ್ಕು ಪಥದ ಹೆದ್ದಾರಿ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗಳ ಚಹರೆ ಬದಲಿಸಿದ್ದು ಇದರದೇ ಒಂದು ತೋಳು. ಹಳಬರ ಬಾಯಲ್ಲಿ ಅದು ಇವತ್ತಿಗೂ ‘ಪಿ.ಬಿ. ರೋಡ್’.

ಸೆಸ್ಸಿನಲ್ಲಿ ಒಂದು ತಮಾಷೆ ಇದೆ. ದೇಶದ ಪೆಟ್ರೋಲಿನ ಬಹುಪಾಲು ಕುಡಿಯುವುದು ದ್ವಿಚಕ್ರ ವಾಹನಗಳು. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವನ ಮೊಪೆಡ್ ಹೆದ್ದಾರಿ ಮುಟ್ಟದಿದ್ದರೂ ಹೆದ್ದಾರಿಗೆ ಚಂದಾ ಕೊಡುತ್ತದೆ. ಗದ್ದೆ ಉಳುವ ಟ್ರ್ಯಾಕ್ಟರಿನ ಡೀಸೆಲ್ಲೂ ಅಷ್ಟೆ. ಸೆಸ್ಸಿನ ಒಂದು ಪಾಲು ಗ್ರಾಮೀಣ ರಸ್ತೆಗಳಿಗೂ ಹೋಗುತ್ತದೆ ಎನ್ನುವುದು ಸಮಾಧಾನ.

ರಸ್ತೆ ಹಾಳುಮಾಡುವವರ ಲೆಕ್ಕವೇ ಬೇರೆ. ಅಚ್ಚಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಇಮ್ಮಡಿಯಲ್ಲ, ಸುಮಾರು ಹದಿನಾರು ಪಟ್ಟು. 1950ರ ದಶಕದ ಕೊನೆಗೆ ಅಮೆರಿಕದ ಇಲಿನಾಯ್‌ನಲ್ಲಿ ರಸ್ತೆ ಹಾಸಿ, ಅದರ ಮೇಲೆ ಲಾರಿ ಓಡಿಸಿ ಓಡಿಸಿ ಕಂಡುಕೊಂಡ ಸೂತ್ರ ಇದು. ಓವರ್‌ಲೋಡ್ ಲಾರಿ ಡೀಸೆಲ್ ಕುಡಿಯುವುದು ತುಸು ಹೆಚ್ಚು, ರಸ್ತೆ ಮುರಿಯುವುದು ಹಲವು ಪಟ್ಟು ಹೆಚ್ಚು. ಲೀಟರಿನ ಲೆಕ್ಕದಲ್ಲಿ ಸೆಸ್ ಕಟ್ಟಿಸಿಕೊಂಡರೆ ಇದು ಎಂದೂ ಸರಿಹೋಗುವುದಿಲ್ಲ.

ನಂಬಿಕೆ ಬಾರದವರು ಬಳ್ಳಾರಿಯವರನ್ನು ಕೇಳಬೇಕು. ಚೀನಾಕ್ಕೆ ಅದಿರು ಹೋಗುತ್ತಿದ್ದ ಆ ವರ್ಷಗಳಲ್ಲಿ ಸಂಡೂರು, ಹೊಸಪೇಟೆಯಿಂದ ಹುಬ್ಬಳ್ಳಿ ಮಾರ್ಗವಾಗಿ ಕಾರವಾರ, ಬೇಲೆಕೇರಿಗೆ ಹಗಲು ರಾತ್ರಿ ಲಾರಿಗಳ ಸಾಲು. ರಸ್ತೆ ಯಾವುದು, ಹೊಂಡ ಯಾವುದು ಎಂದು ಹೇಳುವಂತಿರಲಿಲ್ಲ. ರಸ್ತೆಬದಿಯ ಬೆಳೆ, ಮನೆ, ಎಮ್ಮೆ ಎಲ್ಲ ಕೆಂಪು. ಮಿತಿಮೀರಿ ತುಂಬಿದ ಈ ಲಾರಿಗಳ ಕಥೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿಯಲ್ಲೂ ಇದೆ. ಅಂಥ ಮಾಲಿಗೆ ರೈಲೇ ಸರಿಯಾದ ಗಾಡಿ. ಆದರೆ 2008ರಲ್ಲಿ ರೈಲ್ವೆ ರಫ್ತಿನ ಅದಿರಿಗೆ, ಒಳನಾಡಿನ ಕಾರ್ಖಾನೆಗೆ ಹೋಗುವ ಅದಿರಿಗಿಂತ ಎಷ್ಟೋ ಹೆಚ್ಚಿನ ದರ ಹಾಕಿತು. ಲಾಭ ಕಂಡಲ್ಲಿ ಪಾಲು ಕೇಳಿದ್ದು ತಪ್ಪೇನಲ್ಲ. ಲಾರಿಯ ಓವರ್‌ಲೋಡ್ ತಡೆಯದೆ ರೈಲಿನ ದರ ಮಾತ್ರ ಏರಿಸಿದ್ದು ತಪ್ಪು.

ಇನ್ನೊಂದು ದಾರಿ ಟೋಲ್. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ರಾಷ್ಟ್ರೀಯ ಹೆದ್ದಾರಿಗಳ ಟೋಲ್ ಸಂಗ್ರಹ ವರ್ಷಕ್ಕೆ 50,000 ಕೋಟಿ ರೂಪಾಯಿ ಮೀರಿತು. ಪೆಟ್ರೋಲ್ ಹಾಕಿಸುವಾಗ ಸೆಸ್, ಗೇಟಿನಲ್ಲಿ ಟೋಲ್. ಎರಡನ್ನೂ ಕೊಡುವ ಲಾರಿ ಮಾಲೀಕನಿಗೆ ಒಂದೇ ಮಾಲಿಗೆ ಎರಡು ಸಲ ತೂಕ ಹಾಕಿದಂತೆ ಅನ್ನಿಸಿದರೆ ಆಶ್ಚರ್ಯವಿಲ್ಲ.

▌ಹೆದ್ದಾರಿಗೆ ದುಡ್ಡು ಹೊಂದಿಸುವ ಬಗೆಗಳು
*ಬಿಒಟಿ: ಕಂಪನಿಯೇ ದುಡ್ಡು ಹಾಕಿ ಕಟ್ಟಿ, ಟೋಲ್ ಎತ್ತಿ, ಅವಧಿ ಮುಗಿದ ಮೇಲೆ ಬಿಟ್ಟುಕೊಡಬೇಕು. ಲಾರಿ ಬರಲಿಲ್ಲವೆಂದರೆ ನಷ್ಟ ಅವರದು. ಹಾಗಾಗಿಯೇ 2012ರ ಸುಮಾರಿಗೆ ಬಹಳ ಕಂಪನಿಗಳು ಕೈ ಸುಟ್ಟುಕೊಂಡವು.*
*ಹ್ಯಾಮ್ (2016): ಕಟ್ಟುವಾಗಲೇ ಶೇ 40 ಸರ್ಕಾರ ಕೊಡುತ್ತದೆ, ಉಳಿದದ್ದನ್ನು ವರ್ಷಾನುಗಟ್ಟಲೆ ಕಂತಿನಲ್ಲಿ ತೀರಿಸುತ್ತದೆ. ಟೋಲ್ ಸರ್ಕಾರದ್ದು.*
*ಟಿಒಟಿ: ಕಟ್ಟಿಯಾದ ರಸ್ತೆಯ ಟೋಲ್ ಹಕ್ಕನ್ನು ಇಡಿಗಂಟಿಗೆ ಮಾರುವುದು. 2018ರ ಮೊದಲ ಕಟ್ಟಿಗೆ ಆಸ್ಟ್ರೇಲಿಯಾದ ಮ್ಯಾಕ್ವಾರಿ 9,681 ಕೋಟಿ ರೂಪಾಯಿ ಕೊಟ್ಟಿತು.*

ಇಷ್ಟೆಲ್ಲ ಇದ್ದರೂ ಸಾಲ ಬೆಟ್ಟವಾಯಿತು. ಹೆದ್ದಾರಿ ಪ್ರಾಧಿಕಾರದ ಸಾಲ 2022ರ ಹೊತ್ತಿಗೆ ಮೂರು ಲಕ್ಷ ಕೋಟಿ ರೂಪಾಯಿ ದಾಟಿ, ಕೊನೆಗೆ ಕೇಂದ್ರವೇ ಹೊಸ ಸಾಲ ಬೇಡ, ಬಜೆಟ್‌ನಿಂದಲೇ ಕೊಡುತ್ತೇವೆ ಎಂದಿತು. 2017ರಲ್ಲಿ 34,800 ಕಿ.ಮೀ.ಗೆ 5.35 ಲಕ್ಷ ಕೋಟಿ ಅಂದಾಜಿನೊಂದಿಗೆ ಹೊರಟ ಭಾರತಮಾಲಾ ಹೆದ್ದಾರಿ ಯೋಜನೆಯ ಖರ್ಚು ಕಿ.ಮೀ. ಲೆಕ್ಕದಲ್ಲಿ ಹೇಗೆ ಉಬ್ಬಿತೆಂದು 2023ರ ಸಿಎಜಿ ವರದಿ ಬಿಡಿಸಿ ಹೇಳಿದೆ. ಭೂಮಿಯ ಬೆಲೆ ಒಂದು ಕಾರಣ. ಕಾಗದದ ಮೇಲಿನ ಮೊದಲ ಅಂದಾಜೇ ಸಡಿಲವಾಗಿದ್ದದ್ದು ಇನ್ನೊಂದು.

ಗೂಡ್ಸಿಗೇ ಒಂದು ಹಳಿ

ರೈಲಿನ ಕಡೆಯಿಂದ ಬಂದ ದೊಡ್ಡ ಉತ್ತರ ಸರಕು ಸಾಗಣೆಗೇ ಮೀಸಲಾದ ಕಾರಿಡಾರ್. ನಾಲ್ಕು ಮಹಾನಗರಗಳನ್ನು ಜೋಡಿಸುವ ರೈಲು ಮಾರ್ಗಗಳು ಇಡೀ ಜಾಲದಲ್ಲಿ ಶೇ 16ರಷ್ಟಿದ್ದರೂ ಅರ್ಧಕ್ಕಿಂತ ಹೆಚ್ಚು ಸರಕನ್ನು ಅವೇ ಹೊರುತ್ತಿದ್ದವು. ಅದೇ ಹಳಿಯ ಮೇಲೆ ಇನ್ನೊಂದು ರೈಲು ತುರುಕಲು ಜಾಗವಿರಲಿಲ್ಲ. 2005ರಲ್ಲಿ ಘೋಷಣೆ, 2006ರ ಅಕ್ಟೋಬರ್‌ನಲ್ಲಿ ಪ್ರತ್ಯೇಕ ನಿಗಮ. ಪಶ್ಚಿಮದ್ದು ದೆಹಲಿ ಸಮೀಪದ ದಾದ್ರಿಯಿಂದ ಮುಂಬಯಿಯ ಜೆಎನ್‌ಪಿಟಿ ಬಂದರಿಗೆ, ಸುಮಾರು 1,500 ಕಿ.ಮೀ.; ಸಾಲ ಕೊಟ್ಟದ್ದು ಜಪಾನಿನ ಜೈಕಾ. ಪೂರ್ವದ್ದು ಲುಧಿಯಾನದಿಂದ ಬಿಹಾರದ ಸೋನ್‌ನಗರಕ್ಕೆ, 1,337 ಕಿ.ಮೀ.; ಅದರ ದೊಡ್ಡ ಪಾಲಿಗೆ ವಿಶ್ವ ಬ್ಯಾಂಕ್ ಸಾಲ.

ಘೋಷಣೆಯಿಂದ ಮೊದಲ ಮುಖ್ಯ ತುಣುಕು ಉದ್ಘಾಟನೆಯಾಗಲು ಹದಿನೈದು ವರ್ಷ ಹಿಡಿಯಿತು. 2021ರ ಜನವರಿ 7ರಂದು ಒಂದರ ಮೇಲೊಂದು ಕಂಟೇನರ್ ಪೇರಿಸಿದ ಒಂದೂವರೆ ಕಿ.ಮೀ. ಉದ್ದದ ರೈಲು ಪಶ್ಚಿಮ ಕಾರಿಡಾರಿನಲ್ಲಿ ಹೊರಟಿತು. ಅದಕ್ಕೆಂದು ವಿದ್ಯುತ್ ತಂತಿಯನ್ನು ಏಳೂವರೆ ಮೀಟರ್ ಎತ್ತರಕ್ಕೆ ಕಟ್ಟಲಾಗಿದೆ. ಹರಿಯಾಣದ ಸೋಹ್ನಾ ಬಳಿ ಅರಾವಳಿ ಕೊರೆದು ಮಾಡಿದ ಸುರಂಗದೊಳಗೂ ಎರಡಂತಸ್ತಿನ ಕಂಟೇನರ್ ತಲೆ ಬಗ್ಗಿಸದೆ ಸಾಗುತ್ತದೆ.

ಖರ್ಚು? 2015ರಲ್ಲಿ ಸಂಪುಟ ಒಪ್ಪಿದ ಪರಿಷ್ಕೃತ ಅಂದಾಜು 81,459 ಕೋಟಿ ರೂಪಾಯಿ. ಆಮೇಲೆ ಅದು ಲಕ್ಷ ಕೋಟಿ ದಾಟಿತು. ಮುಂಬಯಿ ಕಡೆಯ ಕೊನೆಯ ಮೈಲುಗಳು ಭೂಸ್ವಾಧೀನದಲ್ಲಿ ಸಿಕ್ಕಿ ವರ್ಷಗಟ್ಟಲೆ ತಡವಾದವು. ಬಂದರು ಮುಟ್ಟದ ಬಂದರಿನ ರೈಲು ಎಂದರೆ ಅರ್ಧ ಪ್ರಯೋಜನ. ಆದರೂ ಕಾರಿಡಾರಿನ ಮೇಲೆ ಗೂಡ್ಸ್ ಈಗ ಹಳೆಯ ವೇಗದ ಎರಡು ಪಟ್ಟು ಓಡುತ್ತಿದೆ. ನನ್ನ ಮಟ್ಟಿಗೆ ಸ್ವಾತಂತ್ರ್ಯಾನಂತರ ಸರಕು ಸಾಗಣೆಗೆ ಸುರಿದ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಇದೇ. ಬುಲೆಟ್ ರೈಲಿನಷ್ಟು ಸುದ್ದಿಯಾಗದಿರಲು ಕಾರಣ, ಇದರಲ್ಲಿ ಕೂತು ಸೆಲ್ಫಿ ತೆಗೆಯಲು ಬರುವುದಿಲ್ಲ.

ಕರ್ನಾಟಕಕ್ಕೆ ಇದರಲ್ಲಿ ಪಾಲಿಲ್ಲ. ಮುಂದಿನ ಹಂತಕ್ಕೆಂದು ಅಧ್ಯಯನ ನಡೆದ ಖರಗ್‌ಪುರ-ವಿಜಯವಾಡ, ಭುಸಾವಳ-ದಾನ್‌ಕುನಿ, ಇಟಾರ್ಸಿ-ವಿಜಯವಾಡ ಮಾರ್ಗಗಳಲ್ಲೂ ನಮ್ಮ ನೆಲವಿಲ್ಲ. ನಮಗೆ ಸಿಕ್ಕಿರುವುದು ಅರ್ಧರ್ಧದ ಲೆಕ್ಕ. ತುಮಕೂರು-ರಾಯದುರ್ಗ, ತುಮಕೂರು-ದಾವಣಗೆರೆ, ಬಾಗಲಕೋಟೆ-ಕುಡಚಿ ಮಾರ್ಗಗಳಿಗೆ ಖರ್ಚಿನ ಅರ್ಧ ಪಾಲು ರಾಜ್ಯದ್ದು ಎಂಬ ಒಪ್ಪಂದ. ಸಿಮೆಂಟಿನ ನಾಡಾದ ಬಾಗಲಕೋಟೆಯಿಂದ ಕುಡಚಿಗೆ 142 ಕಿ.ಮೀ. ಹಳಿ ಮಂಜೂರಾಗಿ ಒಂದು ದಶಕ ಯಾವಾಗಲೋ ಕಳೆಯಿತು. ಒಂದು ಪೀಳಿಗೆಯ ಮಕ್ಕಳು ಶಾಲೆ ಮುಗಿಸಿದರು, ಹಳಿ ಮುಗಿಯಲಿಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗ 1990ರ ದಶಕದಿಂದ ಕಾಡಿಗೂ ಕೋರ್ಟಿಗೂ ನಡುವೆ ನಿಂತಿದೆ. ಅಲ್ಲಿನ ಕಾಡು ಉಳಿಯಬೇಕು ಎನ್ನುವವರ ವಾದದಲ್ಲಿ ಹುರುಳಿದೆ. ಹಾಗಿದ್ದರೆ ಅದೇ ಘಟ್ಟದಲ್ಲಿ ಹೆದ್ದಾರಿಯನ್ನು ಅಗಲ ಮಾಡುವಾಗ ಬೀಳುವ ಮರಗಳನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಿತ್ತು.

▌ಇದ್ದದ್ದಕ್ಕಿಂತ ಉದ್ದದ ಹಳಿ
*ಕೊಂಕಣ ರೈಲ್ವೆ ದುಡ್ಡು ಹೊಂದಿಸಿದ್ದೇ ಬೇರೆ ರೀತಿ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ ನಿಗಮ ಹುಟ್ಟಿತು. ಷೇರು ಕೇಂದ್ರದ್ದು ಶೇ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಉಳಿದದ್ದಕ್ಕೆ ತೆರಿಗೆ ಮುಕ್ತ ಬಾಂಡ್. ಇ. ಶ್ರೀಧರನ್ ನೇತೃತ್ವದಲ್ಲಿ ಕೆಲಸ ನಡೆದು 1998ರ ಜನವರಿಯಲ್ಲಿ ಪೂರ್ತಿ ಮಾರ್ಗ ತೆರೆಯಿತು. ಸಾಲ ತೀರಿಸಲು ಕಂಡುಕೊಂಡ ಉಪಾಯ: ದರದ ಲೆಕ್ಕಕ್ಕೆ ಮಾರ್ಗವನ್ನು ಇದ್ದದ್ದಕ್ಕಿಂತ ಉದ್ದವೆಂದು ಭಾವಿಸುವುದು. ಪ್ರಯಾಣಿಕರಿಗೆ ಶೇ 40, ಸರಕಿಗೆ ಶೇ 50 ಹೆಚ್ಚು. ನೂರು ಕಿ.ಮೀ. ಹೋದವರು ನೂರ ನಲವತ್ತರ ದುಡ್ಡು ಕೊಡಬೇಕು.*

ವರದಿಗಳ ಬೆಟ್ಟ

ಯೋಜನೆ ಮಾಡುವವರು ನಮ್ಮಲ್ಲಿ ಕಡಿಮೆ ಇರಲಿಲ್ಲ. 1959ರಲ್ಲಿ ಕೆ.ಸಿ. ನಿಯೋಗಿ ಸಮಿತಿ. 1980ರಲ್ಲಿ ಬಿ.ಡಿ. ಪಾಂಡೆ ಸಮಿತಿ. 2010ರಲ್ಲಿ ರಾಕೇಶ್ ಮೋಹನ್ ಸಮಿತಿ. ಮೂರು ವರದಿಗಳ ಸಾರ ಹೆಚ್ಚುಕಡಿಮೆ ಒಂದೇ: ದೂರದ, ಭಾರದ ಸರಕಿಗೆ ರೈಲು, ಹತ್ತಿರದ, ಹಗುರಿನ ಸರಕಿಗೆ ರಸ್ತೆ, ಎರಡನ್ನೂ ಒಟ್ಟಿಗೆ ಕೂತು ಯೋಜಿಸಿ. ಒಟ್ಟಿಗೆ ಕೂರುವುದೇ ಆಗಲಿಲ್ಲ. ರಸ್ತೆಗೆ ಒಂದು ಸಚಿವಾಲಯ, ರೈಲಿಗೊಂದು, ಬಂದರಿಗೊಂದು. ಸರಕಿಗೆ ಯಾರೂ ಇಲ್ಲ.

2021ರ ಅಕ್ಟೋಬರ್‌ನಲ್ಲಿ ಬಂದ ‘ಗತಿಶಕ್ತಿ’ ಎಲ್ಲ ಇಲಾಖೆಗಳ ನಕ್ಷೆಗಳನ್ನು ಒಂದೇ ಪರದೆಯ ಮೇಲೆ ತಂದಿತು. ಒಬ್ಬರು ಡಾಂಬರು ಹಾಕಿದ ಮರುದಿನ ಇನ್ನೊಬ್ಬರು ಅಗೆಯುವ ಚಾಳಿಗೆ ಮದ್ದು ಇದು. ನಕ್ಷೆ ಒಂದಾಯಿತು. ಖಜಾನೆ ಇನ್ನೂ ಬೇರೆ ಬೇರೆಯೇ.

ಇಲ್ಲೊಂದು ಸ್ವಾರಸ್ಯದ ಸಂಗತಿ. ನಮ್ಮ ಸಾಗಣೆ ವೆಚ್ಚ ಜಿಡಿಪಿಯ ಶೇ 13-14, ಮುಂದುವರಿದ ದೇಶಗಳಲ್ಲಿ ಶೇ 8 ಎಂದು ಮಂತ್ರಿಗಳೂ ಉದ್ಯಮಿಗಳೂ ವರ್ಷಗಟ್ಟಲೆ ಹೇಳಿಕೊಂಡು ಬಂದರು. ಎಷ್ಟೋ ಯೋಜನೆಗಳಿಗೆ ಈ ಅಂಕಿಯೇ ಮೊದಲ ಸಾಲು. 2023ರ ಕೊನೆಗೆ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ ಕೂತು ಲೆಕ್ಕ ಹಾಕಿತು. 2021-22ಕ್ಕೆ ಬಂದ ಉತ್ತರ ಶೇ 7.8ರಿಂದ 8.9. ಗುರಿಯೆಂದು ಯಾವುದನ್ನು ಹೇಳುತ್ತಿದ್ದೆವೋ ಅಲ್ಲೇ ಆಗಲೇ ನಿಂತಿದ್ದೆವು! ಲಕ್ಷಾಂತರ ಕೋಟಿಯ ಯೋಜನೆಗೆ ಹೊರಡುವ ಮುನ್ನ ಒಮ್ಮೆ ಎಣಿಸಿ ನೋಡುವ ಪದ್ಧತಿ ಮೊದಲೇ ಇದ್ದಿದ್ದರೆ ಚೆನ್ನಾಗಿತ್ತು.

ಕಾಂಕ್ರೀಟು ಸುರಿಯದೆ ಸಿಕ್ಕ ವೇಗವೂ ಉಂಟು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಕೆಲವೇ ದಿನಗಳಲ್ಲಿ ಇಪ್ಪತ್ತೆರಡು ರಾಜ್ಯಗಳ ಗಡಿಗಳಲ್ಲಿ ತೆರಿಗೆ ಚೆಕ್‌ಪೋಸ್ಟ್‌ಗಳು ಮುಚ್ಚಿದವು. ಅವುಗಳ ಜಾಗಕ್ಕೆ ಬಂದ ಇ-ವೇ ಬಿಲ್ಲನ್ನು ಮೊದಲು ಜಾರಿ ಮಾಡಿದ್ದು ಕರ್ನಾಟಕ. ನಮ್ಮ ವಾಣಿಜ್ಯ ತೆರಿಗೆ ಇಲಾಖೆಗೆ ಅಂಥದೇ ‘ಇ-ಸುಗಮ್’ ವ್ಯವಸ್ಥೆ ನಡೆಸಿ ಆಗಲೇ ಕೈ ಪಳಗಿತ್ತು. ಗಡಿಯಲ್ಲಿ ಬಿಲ್ಲು, ಎಲ್‌ಆರ್ ಹಿಡಿದು ಕಿಟಕಿಯಿಂದ ಕಿಟಕಿಗೆ ಅಲೆಯುತ್ತಿದ್ದ ಡ್ರೈವರನಿಗೆ ಸಿಕ್ಕ ಗಂಟೆಗಳಿಗೆ ಯಾವ ಟೆಂಡರೂ ಬೇಕಾಗಲಿಲ್ಲ.

ಒಂದೇ ಘಟ್ಟ

ಈ ಎಲ್ಲ ಗೋಜಲು ಒಂದೇ ಕಡೆ ನೋಡಬೇಕೆಂದರೆ ಸಕಲೇಶಪುರಕ್ಕೆ ಹೋಗಬೇಕು. ನವಮಂಗಳೂರು ಬಂದರಿಗೂ ಬೆಂಗಳೂರಿಗೂ ನಡುವೆ ಶಿರಾಡಿ ಘಟ್ಟ. ಒಂದು ಬದಿ ಹೆದ್ದಾರಿ, ಕಣಿವೆಯಾಚೆ ರೈಲು ಹಳಿ.

ಹೆದ್ದಾರಿ ಮಳೆಗಾಲ ಬಂತೆಂದರೆ ದೋಣಿಗಲ್ ಬಳಿ ಕುಸಿಯುವುದು, ಭಾರೀ ವಾಹನಗಳಿಗೆ ನಿಷೇಧ, ಲಾರಿಗಳು ಚಾರ್ಮಾಡಿಗೋ ಸಂಪಾಜೆಗೋ ಸುತ್ತಿ ಹೋಗುವುದು ವಾಡಿಕೆ. ಎರಡೂ ಬಂದಾದರೆ ಬಿಸಿಲೆ ಘಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ ಅನ್ನ ಬೇಯಿಸಿಕೊಳ್ಳುವುದು.

ಹಳಿಯ ಕಥೆ ಇನ್ನೂ ಕಡಿದು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ 55 ಕಿ.ಮೀ., 57 ಸುರಂಗ, ಐವತ್ತು ಅಡಿಗೆ ಒಂದಡಿ ಏರು. ಗೂಡ್ಸಿಗೆ ಹಿಂದಿನಿಂದಲೂ ಇಂಜಿನ್ ಕೊಟ್ಟು ನೂಕಬೇಕು. ಮೀಟರ್ ಗೇಜ್ ಹಳಿಯನ್ನು 1996ರಲ್ಲಿ ಕಿತ್ತು, ಬ್ರಾಡ್ ಗೇಜ್ ಮಾಡಿ ಗೂಡ್ಸ್ ಬಿಟ್ಟಾಗ 2006. ನಡುವೆ ಹಣ ನಿಂತು ಕೆಲಸ ನಿಂತಿತ್ತು. ರೈಲ್ವೆ, ರಾಜ್ಯ ಸರ್ಕಾರ, ಬಂದರು ಸೇರಿ ಹಾಸನ-ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಮಾಡಿಕೊಂಡ ಮೇಲೆಯೇ ಅದು ಮುಂದೆ ಸಾಗಿದ್ದು. ಸರಕಿನಿಂದ ಲಾಭ ಪಡೆಯುವವರು ಒಂದೇ ಮೇಜಿನ ಸುತ್ತ ಕೂತು ಚೀಲ ಬಿಚ್ಚಿದ ಅಪರೂಪದ ಉದಾಹರಣೆ ಇದು. 2018ರ ಆಗಸ್ಟ್‌ನ ಮಳೆಗೆ ಹತ್ತಾರು ಕಡೆ ಗುಡ್ಡ ಜರಿದು ಆ ಹಳಿಯೂ ತಿಂಗಳುಗಟ್ಟಲೆ ಮುಚ್ಚಿತ್ತು.

ಇದೇ ಘಟ್ಟಸಾಲನ್ನು ಸದ್ದಿಲ್ಲದೆ ಹತ್ತಿದವೂ ಇವೆ: ಮಂಗಳೂರಿನಿಂದ ಹಾಸನ ಮಾರ್ಗವಾಗಿ ಬೆಂಗಳೂರು ಕಡೆಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಕೊಳವೆ, ಆಮೇಲೆ ಬಂದ ಅಡುಗೆ ಅನಿಲದ ಕೊಳವೆ. ಮಾಲು ಯಾರದೋ ದುಡ್ಡೂ ಅವರದೇ ಆದ್ದರಿಂದ ಅವು ಮುಗಿದವು. ಬುಲೆಟ್ ಟ್ಯಾಂಕರುಗಳ ಸಾಲು ಅಷ್ಟರಮಟ್ಟಿಗೆ ಕರಗಿತು.

ಈಗ ಶಿರಾಡಿಗೆ ಎರಡು ಸಿದ್ಧತೆ ನಡೆದಿವೆ. ಹೆದ್ದಾರಿಯವರದು ಸುರಂಗ ರಸ್ತೆಯ ಯೋಜನೆ. ಮೊದಲ ಸಲ ಅದರ ಮಾತು ಕೇಳಿದವರ ತಲೆಗೂದಲು ಈಗ ನರೆತಿದೆ. ರೈಲ್ವೆಯವರದು ಜೋಡಿ ಹಳಿಯ ಸಮೀಕ್ಷೆ. ಬೆಟ್ಟ ಒಂದೇ, ಕೊರೆಯುವವರು ಇಬ್ಬರು, ವಿವರವಾದ ಯೋಜನಾ ವರದಿ (ಡಿಪಿಆರ್) ಎರಡು. ರಸ್ತೆ, ರೈಲು ಎರಡನ್ನೂ ಒಟ್ಟಿಗೆ ಯೋಜಿಸಿ, ಕಾಡು ಒಂದೇ ಸಲ ಕಡಿಯಲಿ ಎಂಬ ಬೇಡಿಕೆ ದಕ್ಷಿಣ ಕನ್ನಡದಿಂದಲೇ ಎದ್ದಿದೆ.

ಕೇಳಲು ಸರಳ. ಆದರೆ ಒಪ್ಪಿದ ದಿನವೇ ಪ್ರಶ್ನೆಗಳು ಶುರು. ರಸ್ತೆಗಾದರೆ ಟೋಲ್ ಇದೆ, ಸೆಸ್ ಇದೆ. ಹಳಿಗೆ ಯಾವುದರಿಂದ? ಸುರಂಗದಲ್ಲಿ ಹೋಗುವ ಲಾರಿ ಕಟ್ಟುವ ಟೋಲಿನಲ್ಲಿ ಒಂದು ಪಾಲು ಪಕ್ಕದ ಹಳಿಗೆ ಕೊಡಲು ಹೆದ್ದಾರಿ ಪ್ರಾಧಿಕಾರ ಒಪ್ಪೀತೆ? ಹಳಿಯಿಂದಾಗಿ ಲಾರಿ ಕಡಿಮೆಯಾದರೆ ಟೋಲಿನ ಅಂದಾಜು ಏನಾಗಬೇಕು? ರೈಲಿನ ಮೇಲೆ ಲಾರಿ ಹೊರಿಸಿ ಘಟ್ಟ ಹತ್ತಿಸಿದರೆ, ಡೀಸೆಲ್ ಕುಡಿಯದ, ಟೋಲ್ ಕಟ್ಟದ ಆ ಲಾರಿಯ ಆದಾಯ ಯಾವ ಸಚಿವಾಲಯದ ಖಾತೆಗೆ? ಇದಕ್ಕೆಲ್ಲ ಉತ್ತರ ಬರೆಯಬೇಕಾದ ಕಾಲಂ ನಮ್ಮ ಡಿಪಿಆರ್ ನಮೂನೆಗಳಲ್ಲಿ ಸದ್ಯಕ್ಕಂತೂ ಇಲ್ಲ.